ಗಂಟಲಿನ ಚೀಲವೂ ಅದರ ಶಸ್ತ್ರಚಿಕಿತ್ಸೆಯೂ

ಜ್ಞಾನಭಾರತಿ, ಕೆಂಗೇರಿಗಳ ಕಡೆಯ ಮನೆಗಳಲ್ಲಿ ರಾಗಿಯ ಮುದ್ದೆಯನ್ನು ಅಗಿಯದೆ ನುಂಗುವುದೇ ವಾಡಿಕೆ. ಹಾಗೆ ಉಂಡು ಬೆಳೆದ ಹಿರಿಯರೊಬ್ಬರು ಎಪ್ಪತ್ತರ ವಯಸ್ಸಿನಲ್ಲಿ ಮುದ್ದೆಯನ್ನು ಬದಿಗೆ ಸರಿಸಿ, ಗಂಜಿಯೇ ಸಾಕೆಂದರೆ, ಮನೆಯವರು ಅದನ್ನು ಮುಪ್ಪಿನ ಲಕ್ಷಣವೆಂದೆಣಿಸಿ ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗಲಾಗದು.

ಗಂಟಲು ಅನ್ನನಾಳವನ್ನು ಕೂಡುವೆಡೆಯಲ್ಲಿ ಬಿಗಿಯಾದ ಸ್ನಾಯುವೊಂದುಂಟು. ತುತ್ತು ಬಂದಾಗ ಅದು ಸಡಿಲಬೇಕು. ಸರಿಯಾಗಿ ಸಡಿಲದಿದ್ದರೆ ಒತ್ತಡವೇರಿ, ಅದರ ಮೇಲುಗಡೆ ಹಿಂಬದಿಯ ದುರ್ಬಲವಾದ ಎಡೆಯಲ್ಲಿ ಒಳಪೊರೆಯು ಉಬ್ಬಿ ಚೀಲವಾಗುತ್ತದೆ. 1877ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯರ ನೆನಪಿನಲ್ಲಿ ಇದಕ್ಕೆ ಜೆಂಕರ್ ಚೀಲವೆಂದು ಹೆಸರು. ಉಂಡ ಅನ್ನವು ಗಂಟೆಗಳು ಕಳೆದ ಮೇಲೆ ಜೀರ್ಣವಾಗದೆಯೇ ಬಾಯಿಗೆ ಮರಳುವುದು, ಬಾಯಿಯ ದುರ್ವಾಸನೆ, ಕೊರಳಿನಲ್ಲಿ ಗುಳುಗುಳು ಶಬ್ದ, ಮಲಗಿದಾಗ ಕೆಮ್ಮು, ದೇಹ ಸೊರಗುವುದು: ಇವು ಲಕ್ಷಣಗಳು. ಚೀಲದಲ್ಲಿ ನಿಂತದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಬೇರಿಯಂ ದ್ರವವನ್ನು ಕುಡಿಸಿ ಕ್ಷ-ಕಿರಣದ ಚಿತ್ರ ತೆಗೆದರೆ ಚೀಲವು ಕಾಣುತ್ತದೆ.

ಔಷಧದಿಂದ ಇದು ಕರಗದು. ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ತೊಂದರೆಯಿದ್ದರೆ ಎರಡು ದಾರಿಗಳುಂಟು.

ಮೊದಲನೆಯದು ಹೊರಗಿನ ದಾರಿ. ಕೊರಳನ್ನು ಸಾಮಾನ್ಯವಾಗಿ ಎಡಬದಿಯಲ್ಲಿ ಕೊಯ್ದು, ಸ್ನಾಯುವನ್ನು ಸೀಳಿ, ಚೀಲವನ್ನು ಕತ್ತರಿಸಿ ತೆಗೆಯುವರು. ಇಲ್ಲವೆ ಅದನ್ನು ಮೇಲ್ಮುಖವಾಗಿ ಮಡಿಸಿ ಹೊಲಿಯುವರು. ರೋಗವು ಮರುಕಳಿಸುವ ಸಂಭವ ಇದರಲ್ಲಿ ಕಡಿಮೆ. ಆದರೆ ಹೊಲಿಗೆ ಸೋರುವ ಭಯ, ಧ್ವನಿಯ ನರಕ್ಕೆ ಪೆಟ್ಟಾಗುವ ಭಯ ಹೆಚ್ಚು. ಆಸ್ಪತ್ರೆಯ ವಾಸವೂ ದೀರ್ಘ.

ಎರಡನೆಯದು ಬಾಯಿಯ ಮೂಲಕ ಹೋಗುವ ದಾರಿ. ಚೀಲಕ್ಕೂ ಅನ್ನನಾಳಕ್ಕೂ ನಡುವಣ ಗೋಡೆಯೊಳಗೆ ಆ ಸ್ನಾಯುವೇ ಇರುವುದರಿಂದ, ಗೋಡೆಯನ್ನು ಸೀಳಿದರೆ ಚೀಲದಲ್ಲಿ ನಿಂತದ್ದು ಅನ್ನನಾಳಕ್ಕೆ ಇಳಿದುಹೋಗುತ್ತದೆ. ಸೀಳುತ್ತಲೇ ಅಂಚುಗಳನ್ನು ಹೊಲಿಯುವ ಸ್ಟೇಪ್ಲರ್ ಯಂತ್ರವು 1993ರಿಂದೀಚೆಗೆ ಬಳಕೆಗೆ ಬಂದಿತು. ಇದಕ್ಕೆ ಕೊರಳನ್ನು ಹಿಂದಕ್ಕೆ ಚೆನ್ನಾಗಿ ಬಾಗಿಸಲು ಬರಬೇಕು; ಚೀಲವು ತೀರ ಚಿಕ್ಕದಾದರೆ ಯಂತ್ರವು ಒಗ್ಗದು. ಅಂಥವರಿಗೆ ಬಳುಕುವ ಎಂಡೋಸ್ಕೋಪಿನ ಮೂಲಕ ಸೀಳುವ ಕ್ರಮವುಂಟು. ಬಾಯಿಯ ದಾರಿಯಲ್ಲಿ ಚೇತರಿಕೆಯು ಬೇಗ; ಆದರೆ ತೊಂದರೆಯು ಮರುಕಳಿಸುವುದು ಹೊರಗಿನ ದಾರಿಗಿಂತ ಹೆಚ್ಚು. ಮರುಕಳಿಸಿದರೆ ಇನ್ನೊಮ್ಮೆ ಮಾಡಲೂಬಹುದು.

ದಾರಿ ಯಾವುದಾದರೂ ಮುಖ್ಯ ಕಾರ್ಯವು ಆ ಸ್ನಾಯುವನ್ನು ಸೀಳುವುದೇ. ಚೀಲವನ್ನು ಮಾತ್ರ ತೆಗೆದು ಸ್ನಾಯುವನ್ನು ಹಾಗೆಯೇ ಬಿಟ್ಟರೆ ಮೂಲಕಾರಣವು ಉಳಿದೇ ಇರುತ್ತದೆ. ಆದುದರಿಂದ ಮನೆಯವರು ವೈದ್ಯರನ್ನು ಕೇಳತಕ್ಕ ಪ್ರಶ್ನೆಗಳು ಇವು: ಚೀಲವು ಎಷ್ಟು ದೊಡ್ಡದು? ಕೊರಳು ಬಾಗುವುದೇ? ಅರಿವಳಿಕೆಯನ್ನು ಹೃದಯವೂ ಶ್ವಾಸಕೋಶವೂ ತಾಳಬಲ್ಲವೇ? ಇಂತಹ ಶಸ್ತ್ರಕ್ರಿಯೆಯಲ್ಲಿ ತಮ್ಮ ಅನುಭವವೆಷ್ಟು?

ಇನ್ನೊಂದು ಮಾತು. ನುಂಗಲು ಕಷ್ಟವಾಗುವುದು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು, ಪರೀಕ್ಷೆಯನ್ನು ಮುಂದೂಡಬಾರದು. ಚೀಲವಿರುವುದು ತಿಳಿದಿದ್ದರೆ, ಗಂಟಲಿಗೆ ಯಾವ ನಳಿಕೆಯನ್ನು ಇಳಿಸುವ ಮೊದಲೂ ವೈದ್ಯರಿಗೆ ತಿಳಿಸಬೇಕು. ತಿಳಿಯದೆ ಇಳಿಸಿದರೆ ಚೀಲವು ತೂತಾಗುವ ಅಪಾಯವುಂಟು. ಹಿರಿಯರು ತಟ್ಟೆಯಲ್ಲಿ ಏನನ್ನು ಉಳಿಸುತ್ತಿದ್ದಾರೆಂಬುದನ್ನು ಮೊದಲು ಕಾಣುವವರು ಬಡಿಸುವವರೇ. ಅವರು ಕಂಡುದನ್ನು ಕೂಡಲೆ ವೈದ್ಯರಿಗೆ ಹೇಳಿದರೆ ಅರ್ಧ ಚಿಕಿತ್ಸೆಯಾದಂತೆಯೇ.