‘ಸಹಜ’ವೆಂಬ ಹಣೆಪಟ್ಟಿ ಸಾಲದು

ಪಾಪಾಸುಕಳ್ಳಿಯನ್ನು ನಾವು ಬೇಲಿಯ ಮುಳ್ಳೆಂದೇ ಬಗೆದವರು. ಮೆಕ್ಸಿಕೋ ಮೂಲದ ಅದರ ಒಂದು ಜಾತಿ ಇಟಲಿಯ ಸಿಸಿಲಿ ದ್ವೀಪದಲ್ಲಿ ಬೆಲೆಯುಳ್ಳ ಹಣ್ಣಿನ ಬೆಳೆ. ಇದರ ಇಳುವರಿ ಹೆಚ್ಚಿಸಲು ಕಡಲಪಾಚಿಯ ಸಾರ, ಹ್ಯೂಮಿಕ್ ಆಮ್ಲ, ಬೇರಿನ ಒಡನಾಡಿ ಶಿಲೀಂಧ್ರಗಳಂತಹ ಸಹಜ ಬೆಳವಣಿಗೆ ಪ್ರಚೋದಕಗಳನ್ನು ಸಂಶೋಧಕರು ಪರೀಕ್ಷಿಸುತ್ತಿದ್ದಾರೆ.

ಇವು ಗೊಬ್ಬರಗಳಲ್ಲ. ಬೇರು ಹರಡಲು, ಬರ ತಾಳಲು ಗಿಡಕ್ಕೆ ನೆರವಾಗಬಲ್ಲವು, ಅಷ್ಟೆ. ಹಸಿದ ಮಣ್ಣಿಗೆ ಬಾಟಲಿಯ ದ್ರವ ಅನ್ನವಾಗದು. ಇಂಥ ಪ್ರಚೋದಕಗಳ ಮಾರಾಟವನ್ನು ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದದ್ದು 2021ರಲ್ಲಿ.

ಸಹಜವಾದುದೆಲ್ಲ ನಿರಪಾಯಕಾರಿಯೂ ಅಲ್ಲ. ಸಾರ ತೆಗೆಯಲು ಬಳಸುವ ಕಪ್ಪಾಫೈಕಸ್ ಎಂಬ ಹೊರನಾಡಿನ ಕಡಲಪಾಚಿ ತಮಿಳುನಾಡಿನ ಕರಾವಳಿಗೆ ಕೃಷಿಗೆಂದು ಬಂದಿತು. ಅದು ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಜೀವಂತ ಹವಳಗಳ ಮೇಲೆ ಹಬ್ಬಿರುವುದನ್ನು ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು. ಒಬ್ಬರ ಹೊಲದ ಹಸಿರಿಗೆ ಮತ್ತೊಬ್ಬರ ಕಡಲು ಬೆಲೆ ತೆರಬಾರದು.

ಸಿಸಿಲಿಯ ಕೃಷಿಕರಿಗೆ ಇನ್ನೊಂದು ಹಾದಿಯೂ ಗೊತ್ತು. ಮೇ ಕೊನೆ, ಜೂನ್ ವೇಳೆಗೆ ಮೊದಲ ಹೂಗಳನ್ನು ಕಿತ್ತುಹಾಕುತ್ತಾರೆ. ಗಿಡ ಮತ್ತೆ ಹೂಬಿಟ್ಟು ಶರತ್ಕಾಲದಲ್ಲಿ ದಪ್ಪನೆಯ ಹಣ್ಣು ಕೊಡುತ್ತದೆ. ಗಿಡದ ಸ್ವಭಾವವನ್ನು ಬಲ್ಲ ಕೈಗಳೇ ಅಲ್ಲಿ ಪ್ರಚೋದಕ.

ಮಿತ್ರರೇ, ನಮ್ಮ ಅಡಿಕೆ, ಮೆಣಸಿನ ತೋಟಗಳಿಗೂ ಇಂಥ ಬಾಟಲಿಗಳು ಬರುತ್ತಿವೆ. ಕೊಳ್ಳುವ ಮುನ್ನ ಅದರ ಮೂಲವನ್ನೂ ಮಾಡುವ ಕೆಲಸವನ್ನೂ ಕೇಳೋಣ. ಒಂದು ಸಾಲಿಗೆ ಹಾಕಿ, ಪಕ್ಕದ ಸಾಲನ್ನು ಹಾಗೆಯೇ ಬಿಡೋಣ. ಎರಡರ ಫಸಲನ್ನೂ ವಿದ್ಯಾರ್ಥಿಗಳು ತೂಗಿ ಬರೆದಿಡಲಿ. ಹಣೆಪಟ್ಟಿಗಿಂತ ಆ ಲೆಕ್ಕವನ್ನು ನಂಬೋಣ.