ಕಾಲಕ್ಕೊಂದು ಲೋಟ ಟೀ

ಸಾತನೂರಿನ ಸುತ್ತ ರಾಗಿ ಬೆಳೆಯುತ್ತದೆ, ಹಿಪ್ಪುನೇರಳೆ ಬೆಳೆಯುತ್ತದೆ. ಟೀ ಗಿಡ ಮಾತ್ರ ಇಲ್ಲ. ಆದರೂ ಟೀ ಕಾಯಿಸದ ಮನೆ ಹುಡುಕುವುದು ಕಷ್ಟ. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ಹಗಲಿರುಳೆನ್ನದೆ ಸೊಪ್ಪು ಮೇಯುವಾಗ, ಸೊಪ್ಪು ಹಾಕುವವರಿಗೂ ಇನ್ನೊಂದು ಸೊಪ್ಪಿನ ರಸ ಬೇಕಲ್ಲ!

ಮಳೆ ಹಿಡಿದ ಸಂಜೆಗೆ ಶುಂಠಿ ಟೀ ಸೊಗಸು. ಹಸಿ ಶುಂಠಿಯನ್ನು ಜಜ್ಜಿ ನೇರವಾಗಿ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಅದರಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವಿದೆ. ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಕಿಣ್ವದ ಆಟ ಮುಗಿಯಿತು. ಮಾಗಿಯ ಚಳಿಗೆ ಬೆಲ್ಲದ ಟೀ. ಇಲ್ಲಿಯೂ ಅದೇ ಭಯ. ಹಾಲನ್ನು ಬೇರೆ ಕಾಯಿಸಿ, ಡಿಕಾಕ್ಷನ್ ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಬೇಸಿಗೆಗೆ ಹಾಲಿಲ್ಲದ ನಿಂಬೆ ಟೀ. ರಸ ಬಿದ್ದೊಡನೆ ಬಣ್ಣ ತಿಳಿಯಾಗುವುದನ್ನು ಮಕ್ಕಳಿಗೆ ತೋರಿಸಿ, ವಿಜ್ಞಾನದ ಪುಸ್ತಕದ ಆಮ್ಲದ ಪಾಠ ನೆನಪಾದೀತು.

ಊಟದ ಜೊತೆಗೆ ಮಾತ್ರ ಯಾವ ಟೀಯೂ ಬೇಡ. ಮುದ್ದೆ, ಸೊಪ್ಪಿನ ಸಾರಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಟೀಯ ಒಗರಿನ ಅಂಶ ತಡೆಯುತ್ತದೆ. ಬೆಳೆಯುವ ಹೆಣ್ಣುಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ. ಒಂದು ಗಂಟೆಯಾದರೂ ಅಂತರವಿರಲಿ.

ಇನ್ನು ಪರೀಕ್ಷೆಯ ಕಾಲ. ಅದಕ್ಕೂ ಒಂದು ಟೀ ಇದೆ, ರಾತ್ರಿ 10 ಗಂಟೆಯದು. ನನಗೆ ಸರಿಬೀಳದ್ದು ಅದೊಂದೇ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ಬೆಳಗಿನ ಜಾವ 3ಕ್ಕೂ ಉಳಿದರ್ಧ ಮೈಯಲ್ಲೇ ಇರುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಯಾಗಲು ನಿದ್ದೆ ಬೇಕು, ಕೆಡುವುದೂ ಅದೇ ನಿದ್ದೆ. ಮಕ್ಕಳ ಟೀ ಸಂಜೆ 4ಕ್ಕೇ ಮುಗಿಯಲಿ. ರಾತ್ರಿಯದು ಹುಳು ಮನೆಯಲ್ಲಿರುವವರಿಗೆ ಸಾಕು.