ಸಿನೆಮಾ ನೋಡಿದ ಮೇಲೆ ಯಾವ ಭಾಷೆಯಲ್ಲಿ ಮಾತಾಡುತ್ತೇವೆ?

ನಮ್ಮ ಕಡೆಯ ಮದುವೆ, ಉಪನಯನ, ಗೃಹಪ್ರವೇಶಗಳ ಊಟದ ಪಂಕ್ತಿಯಲ್ಲಿ ಹಿಂದಿನಿಂದಲೂ ಅಡಿಕೆಯ ಧಾರಣೆ, ಮೊನ್ನೆಯ ತಾಳಮದ್ದಳೆ, ಮಳೆ - ಇವುಗಳ ಮಾತು ನಡೆಯುತ್ತ ಬಂದಿದೆ. ಈಗ ಅದರೊಡನೆ ಈಚೆಗೆ ನೋಡಿದ ಸಿನೆಮಾದ ಮಾತೂ ಸೇರಿಕೊಂಡಿದೆ. ಆ ಮಾತು ಹೇಗಿರುತ್ತದೆಂದರೆ: "ಮಲಯಾಳದ್ದು ಒಂದು ನೋಡಿದೆ. ಫಸ್ಟ್ ಕ್ಲಾಸ್. ಕನ್ನಡದವರು ನೋಡಿ ಕಲಿಯಬೇಕು." "ಏನುಂಟು ಮಾರಾಯ್ರೆ ಅದರಲ್ಲಿ?" "ನೋಡಿ, ಗೊತ್ತಾಗ್ತದೆ." ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಪಾಯಸ ಬರುತ್ತದೆ.

ಅದೇ ಪಂಕ್ತಿಯ ಕೊನೆಯಲ್ಲಿ ಕುಳಿತ ನಮ್ಮ ಮಕ್ಕಳನ್ನು ಗಮನಿಸಿ. ಅದೇ ಚಿತ್ರದ ಬಗ್ಗೆ ಅವರು ಅರ್ಧ ಗಂಟೆ ವಾದಿಸುತ್ತಾರೆ. ಕೊನೆ ಸರಿಯಾಯಿತೇ, ಆ ಪಾತ್ರ ಹಾಗೆ ಮಾಡಬಹುದಿತ್ತೇ, ನಡುವಿನ ಹಾಡು ಬೇಕಿತ್ತೇ ಎಂದು ಅವರಿಗೆ ಹೇಳಲಿಕ್ಕೆ ತುಂಬ ಉಂಟು. ಹೇಳುವುದು ಮಾತ್ರ ಮಲಯಾಳದಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ. ನಮ್ಮ ಕಡೆಗೆ ತಿರುಗಿದಾಗ "ಚೆನ್ನಾಗಿತ್ತು" ಎಂಬ ಒಂದೇ ಪದ.

ನನ್ನ ತಕರಾರು ಇರುವುದು ಇಲ್ಲಿ. ಮಲಯಾಳ ಚಿತ್ರಗಳ ಮೇಲೆ ನನಗೆ ತಕರಾರಿಲ್ಲ, ಮಕ್ಕಳು ಚೆನ್ನಾಗಿ ಮಲಯಾಳ ಆಡುವುದರ ಮೇಲಂತೂ ಇಲ್ಲವೇ ಇಲ್ಲ. ಈ ವಾರ್ಷಿಕದ ಎರಡೂ ಕಡೆಯ ಪುಟಗಳನ್ನು ಓದಬಲ್ಲವರು ಅವರೇ. ತಕರಾರು ನಮ್ಮ ಮೇಲೆ, ಹಿರಿಯರ ಮೇಲೆ. ಸಿನೆಮಾವನ್ನು ಮೆಚ್ಚಲು, ತೆಗಳಲು, ಅದಕ್ಕಾಗಿ ಜಗಳವಾಡಲು ಬೇಕಾದ ಕನ್ನಡವನ್ನು ನಾವು ಮನೆಯಲ್ಲಿ ಆಡುವುದನ್ನೇ ಬಿಟ್ಟಿದ್ದೇವೆ. ನಿನ್ನೆ ನೋಡಿದ ಚಿತ್ರದ ಬಗ್ಗೆ ಜಗಳವಾಡಲು ಒದಗದ ಭಾಷೆ ಕ್ರಮೇಣ ಆಮಂತ್ರಣ ಪತ್ರಿಕೆಯ ಭಾಷೆಯಾಗಿ ಉಳಿಯುತ್ತದೆ. ಅದನ್ನು ಅಚ್ಚು ಹಾಕಿಸುತ್ತಾರೆ, ಓದುವುದಿಲ್ಲ.

ನಮ್ಮಲ್ಲಿ ಸಿನೆಮಾದ ಶಿಫಾರಸು ಸಾಮಾನ್ಯವಾಗಿ ಮೂರು ಬಗೆಯದು. ಮೊದಲನೆಯದು, ಮೇಲೆ ಹೇಳಿದ "ನೋಡಿ ಕಲಿಯಬೇಕು" ಎಂಬುದು. ಇದನ್ನು ಹೇಳುವವರಲ್ಲಿ ಅನೇಕರು ಕಳೆದ ಐದು ವರ್ಷಗಳಲ್ಲಿ ಕನ್ನಡದ ಎಷ್ಟು ಚಿತ್ರ ನೋಡಿದ್ದಾರೆಂದು ಕೇಳಿದರೆ ಉತ್ತರವಿಲ್ಲ. ಎರಡನೆಯದು, "ಕನ್ನಡದ್ದು, ನಾವಲ್ಲದೆ ಯಾರು ನೋಡಬೇಕು?" ಎಂಬ ಅಭಿಮಾನದ ಕರೆ. ಇದು ಸಹಾಯಾರ್ಥ ಪ್ರದರ್ಶನದ ಟಿಕೆಟು ಮಾರಿದಂತೆ. ಕೊಂಡವನು ದಾನ ಮಾಡಿದೆನೆಂದುಕೊಳ್ಳುತ್ತಾನೆ, ಚಿತ್ರದ ಬಗ್ಗೆ ಯೋಚಿಸುವ ಹೊಣೆ ಅವನಿಗಿಲ್ಲ. ಮೂರನೆಯದು ಕೋಟಿಗಳ ಲೆಕ್ಕ. 2022ರಲ್ಲಿ 'ಕೆ.ಜಿ.ಎಫ್.' ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ದಾಟಿದ ಸುದ್ದಿ ಬಂದಾಗ, ಆ ಹಣ ನಮ್ಮ ಸಹಕಾರಿ ಬ್ಯಾಂಕಿಗೇ ಜಮೆಯಾದಂತೆ ಹಿಗ್ಗಿದವರಿದ್ದಾರೆ. ಚಿತ್ರ ಹೇಗಿತ್ತು ಎಂಬ ಪ್ರಶ್ನೆಗೆ ಸಾವಿರ ಕೋಟಿ ಎಂಬುದು ಉತ್ತರವೇ?

ಈ ಮೂರರಲ್ಲೂ ಒಂದು ಸಾಮ್ಯವಿದೆ. ಚಿತ್ರವನ್ನು ನೋಡದೆಯೇ ಇವನ್ನು ಹೇಳಬಹುದು.

ವಿಚಿತ್ರವೆಂದರೆ, ನೋಡಿ ಹೇಳುವ ಯೋಗ್ಯತೆ ನಮಗಿರುವಷ್ಟು ಬೇರೆಯವರಿಗಿಲ್ಲ. ಬೆಂಗಳೂರಿನ ಪ್ರೇಕ್ಷಕ ಮಲಯಾಳ ಚಿತ್ರವನ್ನು ಕೆಳಗಿನ ಅಕ್ಷರ ಓದಿಕೊಂಡು ನೋಡುತ್ತಾನೆ. ತಿರುವನಂತಪುರದವನು ಕನ್ನಡ ಚಿತ್ರವನ್ನು ಡಬ್ಬಿಂಗ್ ದನಿಯಲ್ಲಿ ಕೇಳುತ್ತಾನೆ. ಎರಡನ್ನೂ ಮೂಲದಲ್ಲೇ ಕೇಳಿ, ನಗಬೇಕಾದಲ್ಲಿ ನಗಬಲ್ಲವರು ನಾವು. 1956ರಲ್ಲಿ ಗಡಿ ಎಳೆದವರು ನಮಗೆ ಮಾಡಿದ ಅನ್ಯಾಯದ ಪಟ್ಟಿ ದೊಡ್ಡದು. ಅದರೆಡೆಯಲ್ಲಿ ತಿಳಿಯದೆ ಕೊಟ್ಟ ಒಂದು ಲಾಭವಿದು. ನಾವು ಅದನ್ನು ಉಪಯೋಗಿಸಿಯೇ ಇಲ್ಲ.

ಮೂರು ಉದಾಹರಣೆ ಕೊಡುತ್ತೇನೆ. 1993ರ ಚಿತ್ರಗಳಿಗೆ ಕೊಟ್ಟ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ, ಶ್ರೇಷ್ಠ ನಟಿ ಎರಡೂ ಮಲಯಾಳಕ್ಕೆ ಬಂದವು. 'ವಿಧೇಯನ್' ಮತ್ತು 'ಪೊಂದನ್ ಮಾಡ' ಚಿತ್ರಗಳಿಗೆ ಮಮ್ಮೂಟ್ಟಿ, 'ಮಣಿಚಿತ್ರತ್ತಾಳ್' ಚಿತ್ರಕ್ಕೆ ಶೋಭನಾ. ಪಾಲ್ ಸಕರಿಯರ ನೀಳ್ಗತೆಯಿಂದ ಅಡೂರು ಗೋಪಾಲಕೃಷ್ಣನ್ ಮಾಡಿದ 'ವಿಧೇಯನ್' ನಡೆಯುವುದು ದಕ್ಷಿಣ ಕನ್ನಡದ ನೆಲದಲ್ಲಿ. ಕೇರಳದಿಂದ ವಲಸೆ ಬಂದ ತೊಮ್ಮಿ, ಅವನನ್ನು ಕಾಲ ಕೆಳಗೆ ಹಾಕಿ ತುಳಿಯುವ ಭಾಸ್ಕರ ಪಟೇಲರು. ಚಿತ್ರಕ್ಕೆ ಸಂಗೀತ ಕೊಟ್ಟವರು ನಮ್ಮ ವಿಜಯಭಾಸ್ಕರ್. ಪಟೇಲರ ಬಾಯಲ್ಲಿ ಮಮ್ಮೂಟ್ಟಿ ಆಡುವುದು ಕನ್ನಡದ ಧಾಟಿ ಹತ್ತಿದ ಮಲಯಾಳ. ಆ ಧಾಟಿ ಸರಿಯೇ? ಅಂಥ ಪಟೇಲರುಗಳನ್ನು ಕಂಡ ಅಜ್ಜಂದಿರು ಇದ್ದ ಮನೆಗಳಲ್ಲವೇ ನಮ್ಮವು? ಕೇರಳದ ವಿಮರ್ಶಕರು ಆ ಚಿತ್ರವನ್ನು ಅಧಿಕಾರ ಮತ್ತು ದಾಸ್ಯದ ಕಥೆಯೆಂದು ವಿವರಿಸಿದರು. ಅದು ಸರಿಯೇ. ಆದರೆ ಆ ಮಾತಿನ ಧಾಟಿಯನ್ನು ಕಿವಿಯಿಂದ ಅಳೆಯಬಲ್ಲ ಪ್ರೇಕ್ಷಕರು ಗಡಿಯ ಈ ಪಟ್ಟಿಯಲ್ಲಿದ್ದರು. ನಾವು ಬಾಯಿ ಬಿಡಲಿಲ್ಲ.

ಎರಡನೆಯದು 'ಮಣಿಚಿತ್ರತ್ತಾಳ್'. ಫಾಸಿಲ್ ಅವರ ಈ ಚಿತ್ರವೇ 2004ರಲ್ಲಿ ಪಿ. ವಾಸು ನಿರ್ದೇಶನದಲ್ಲಿ ಕನ್ನಡದ 'ಆಪ್ತಮಿತ್ರ' ಆಯಿತು. "ಒರಿಜಿನಲ್ಲೇ ಒರಿಜಿನಲ್" ಎಂದು ಒಂದು ಪಕ್ಷ, "ವಿಷ್ಣುವರ್ಧನ್ ಮುಂದೆ ಯಾರೂ ಇಲ್ಲ" ಎಂದು ಇನ್ನೊಂದು. ಇಷ್ಟು ವರ್ಷಗಳಾದರೂ ಈ ಎರಡು ವಾಕ್ಯದಾಚೆಗೆ ಮಾತು ಹೋದದ್ದು ನಾನು ಕೇಳಿಲ್ಲ. ಹೇಳಲಿಕ್ಕೆ ಎಷ್ಟುಂಟು ನೋಡಿ. ಮಲಯಾಳದಲ್ಲಿ ನಾಗವಲ್ಲಿ ತಮಿಳು ನರ್ತಕಿ, ಕನ್ನಡದಲ್ಲಿ ಅವಳು ತೆಲುಗಿನವಳಾದಳು. ಎರಡು ಕಡೆಯೂ ದೆವ್ವ ನೆರೆಮನೆಯ ಭಾಷೆಯನ್ನೇ ಆಡಬೇಕೇಕೆ? ನೆರೆಭಾಷೆಯವರಾಗಿಯೇ ಬದುಕುವ ನಮಗಲ್ಲದೆ ಈ ಪ್ರಶ್ನೆ ಇನ್ನು ಯಾರಿಗೆ ಹೊಳೆಯಬೇಕು? ಮೂಲದಲ್ಲಿ ಎಲ್ಲವೂ ಮನಸ್ಸಿನ ಕಾಯಿಲೆಯ ವಿವರಣೆಯ ಕಡೆಗೆ ಸಾಗುತ್ತದೆ. ಕನ್ನಡದಲ್ಲಿ ಒಂದು ದೊಡ್ಡ ಹಾವು ಬಂದು ಕುಳಿತು ಆ ವಿವರಣೆಗೇ ತೊಡಕಾಯಿತು. ಇದು ದೋಷ. ಆದರೆ ಸೌಂದರ್ಯಾ ಅವರ ಅಭಿನಯವನ್ನು ಶೋಭನಾ ಅವರ ನಕಲೆಂದು ತಳ್ಳಿಹಾಕುವವರು ಎರಡನ್ನೂ ಒಂದೇ ವಾರದಲ್ಲಿ ಕುಳಿತು ನೋಡಲಿ. ಮಾತಿಗೆ ಆಧಾರ ಬೇಕು. ಹೀಗೆ ಹೋಲಿಸಿ ಹೇಳಿದರೆ ಒಪ್ಪದವನೂ ಉತ್ತರ ಕೊಡಲು ಕನ್ನಡದಲ್ಲಿ ಪದ ಹುಡುಕಬೇಕಾಗುತ್ತದೆ.

ಮೂರನೆಯದು ನಮ್ಮ ಮನೆಬಾಗಿಲಿನದು. 2017ರಲ್ಲಿ ದಿಲೀಶ್ ಪೋತ್ತನ್ ಅವರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಬಂತು. ಬಸ್ಸಿನಲ್ಲಿ ಸರ ಕದ್ದು ನುಂಗಿದ ಕಳ್ಳನಾಗಿ ಫಹದ್ ಫಾಸಿಲ್ ಮಾಡಿದ ಪಾತ್ರವನ್ನು ದೇಶವೇ ಹೊಗಳಿತು. ನಾನೂ ಹೊಗಳುತ್ತೇನೆ. ಚಿತ್ರದ ಪೊಲೀಸ್ ಠಾಣೆ ಇರುವುದು ಶೇಣಿಯಲ್ಲಿ. ಶೇಣಿ ಎಂದೊಡನೆ ನಮಗೆ ನೆನಪಾಗುವುದು ತಾಳಮದ್ದಳೆಯ ಶೇಣಿ ಗೋಪಾಲಕೃಷ್ಣ ಭಟ್ಟರು. ಮಾತನ್ನೇ ಕಲೆಯಾಗಿಸಿದ ಆ ಅರ್ಥಧಾರಿಯ ಊರಿನ ಹೆಸರು ಹೊತ್ತ ಚಿತ್ರದಲ್ಲಿ, ಆ ಊರಿನ ಬೀದಿಯಲ್ಲಿ ನಿತ್ಯ ಕಿವಿಗೆ ಬೀಳುವ ಕನ್ನಡ, ತುಳುಗಳಿಗೆ ಎಷ್ಟು ಜಾಗ ಸಿಕ್ಕಿತು? ಕೇಳಬೇಕಾದವರು ನಾವು. ಚಿತ್ರ ಕೆಟ್ಟದೆಂದು ಹೇಳುವುದಕ್ಕಲ್ಲ, ಒಳ್ಳೆಯ ಚಿತ್ರವನ್ನು ಮೆಚ್ಚುತ್ತಲೇ ಕೇಳಬಹುದಾದ ಪ್ರಶ್ನೆಯಿದು. ನಾವು "ಸೂಪರ್" ಎಂದೆವು, ಸುಮ್ಮನಾದೆವು.

ಇನ್ನು ಅಭಿಮಾನಿಗಳ ಸರದಿ. 2018ರಲ್ಲಿ ರಿಷಬ್ ಶೆಟ್ಟಿಯವರ 'ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಬಂದಾಗ ನಮ್ಮ ಸಂತೋಷಕ್ಕೆ ಮೇರೆ ಇರಲಿಲ್ಲ. ನಮ್ಮ ಶಾಲೆಗಳ ಕಥೆ ತೆರೆಗೆ ಬಂತು, ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಊರಿಗೆ ಊರೇ ಶಿಫಾರಸು ಮಾಡಿತು. ಆದರೆ ಶಿಫಾರಸಿನಲ್ಲಿ ಇದ್ದದ್ದು ಒಂದೇ ಮಾತು, "ನಮ್ಮ ಸಮಸ್ಯೆಯನ್ನು ತೋರಿಸಿದ್ದಾರೆ". ಹೇಗೆ ತೋರಿಸಿದ್ದಾರೆ? ಕನ್ನಡ ಬಾರದ ಗಣಿತದ ಮಾಸ್ತರರು ಆ ಚಿತ್ರದಲ್ಲಿ ನಗೆಗೆ ಒದಗುತ್ತಾರೆ. ನಿಜವಾದ ತರಗತಿಯಲ್ಲಿ ಆ ಸ್ಥಿತಿ ನಗೆಯದಲ್ಲ. ತನಗೆ ಗೊತ್ತಿಲ್ಲದ ಭಾಷೆಯ ಮಕ್ಕಳ ಮುಂದೆ ನಿಲ್ಲಿಸಲ್ಪಟ್ಟ ಮಾಸ್ತರರೂ ಬಲಿಪಶುವೇ, ಅವರನ್ನು ಅಲ್ಲಿಗೆ ಕಳಿಸಿದ ಆದೇಶವೇ ಅಪರಾಧಿ. ಚಿತ್ರದ ಹುಡುಗರ ಮಾತು, ಅವರ ತುಂಟತನ, ನಮ್ಮ ಮನೆಯದೇ ಎನ್ನಿಸುವಷ್ಟು ಸಹಜ. ಕಥೆ ಮೈಸೂರಿಗೆ ಹೋಗಿ ಅನಂತನಾಗ್ ಅವರನ್ನು ಕರೆತಂದು ನ್ಯಾಯಾಲಯದಲ್ಲಿ ವಾದ ಮಾಡಿಸುವಾಗ, ನಮ್ಮ ಬಿಡುಗಡೆ ಹೊರಗಿನಿಂದ ಬರುವ ಒಬ್ಬ ದೊಡ್ಡವರ ಭಾಷಣದಿಂದ ಎಂಬಂತಾಯಿತು. ಇದನ್ನು ಅಂದು ಹೇಳಿದವನನ್ನು ಕನ್ನಡದ್ರೋಹಿ ಎಂದು ನೋಡಿದವರಿದ್ದರು. ಕನ್ನಡ ಚಿತ್ರವನ್ನು ಕನ್ನಡದಲ್ಲಿ ಟೀಕಿಸುವುದು ದ್ರೋಹವಾದರೆ, ಹೊಗಳಿಕೆಗೆ ತಾನೇ ಏನು ಬೆಲೆ?

ನಮಗೆ ವಾದಿಸಲು ಬರುವುದೇ ಇಲ್ಲವೆಂದಲ್ಲ. 2022ರಲ್ಲಿ 'ಕಾಂತಾರ' ಬಂದಾಗ ನೆನಪಿಸಿಕೊಳ್ಳಿ. ದೈವದ ಕೋಲವನ್ನು ತೆರೆಯ ಮೇಲೆ ತರಬಹುದೇ, ದೈವದ ಕೂಗನ್ನು ಮಕ್ಕಳು ಬೀದಿಯಲ್ಲಿ ಅನುಕರಿಸುವುದು ಸರಿಯೇ, ಕಾಡು ಯಾರದು ಎಂಬ ಪ್ರಶ್ನೆಗೆ ಚಿತ್ರ ಕೊಟ್ಟ ಉತ್ತರ ನ್ಯಾಯವೇ ಎಂದು ನಮ್ಮ ಜಗಲಿಗಳಲ್ಲಿ ರಾತ್ರಿಯವರೆಗೆ ವಾದ ನಡೆಯಿತು. ಹವ್ಯಕ ಕನ್ನಡದಲ್ಲಿ, ತುಳುವಿನಲ್ಲಿ, ಶಾಲೆಯ ಕನ್ನಡದಲ್ಲಿ. ಮಕ್ಕಳೂ ಸೇರಿದರು. ಯಾಕೆಂದರೆ ಆ ವಿಷಯದಲ್ಲಿ ನಮಗೆ ಹೇಳಲಿಕ್ಕೆ ಇತ್ತು, ಹೇಳದೆ ಇರಲಾಗಲಿಲ್ಲ. ಹಾಗೆ ಇನ್ನೊಂದು ಚಿತ್ರಕ್ಕೆ ಯಾಕಾಗಬಾರದು?

ಆಗಬಹುದಿತ್ತು, 2025ರಲ್ಲಿ. 'ಸು ಫ್ರಮ್ ಸೋ' ಎಂಬ ಕನ್ನಡ ಚಿತ್ರ ಬಂತು. ಸೋಮೇಶ್ವರದ ಸುಲೋಚನೆಯ ಪ್ರೇತ ಒಬ್ಬ ಹುಡುಗನ ಮೈಮೇಲೆ ಬಂದಿದೆಯೆಂದು ಇಡೀ ಊರು ನಂಬಿ ಕುಣಿಯುವ ಕಥೆ. ನಿರ್ದೇಶಕರು ಜೆ. ಪಿ. ತುಮಿನಾಡು. ತುಮಿನಾಡು ಎಲ್ಲಿದೆಯೆಂದು ಮಂಜೇಶ್ವರದವರಿಗೆ ಹೇಳಬೇಕಾಗಿಲ್ಲ. ಬಿಡುಗಡೆಯಾದ ಮುಂದಿನ ವಾರವೇ ಅದು ಮಲಯಾಳಕ್ಕೆ ಡಬ್ ಆಗಿ ಕೇರಳದಲ್ಲಿ ಬಂತು. ನಮ್ಮ ಎಷ್ಟೋ ಮನೆಗಳಲ್ಲಿ ಈ ಚಿತ್ರದ ಸುದ್ದಿ ಮೊದಲು ಮುಟ್ಟಿದ್ದು ಮಲಯಾಳಿ ನೆರೆಯವರ ಬಾಯಿಂದ. "ನಿಮ್ಮ ಕನ್ನಡದ್ದಂತೆ, ನೋಡಿ, ನಕ್ಕು ಸಾಕಾಯಿತು" ಎಂದು ಅವರು ಹೇಳಿದ ಮೇಲೆ ನಾವು ನೋಡಿದೆವು. ನೆರೆಯವರ ಈ ಔದಾರ್ಯಕ್ಕೆ ಕೃತಜ್ಞತೆ ಇರಲಿ. ನಾಚಿಕೆಯೂ ಇರಲಿ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ನಮ್ಮಲ್ಲೇ ಉಂಟು. ಕಾಞಂಗಾಡಿನ ಸೆನ್ನ ಹೆಗ್ಡೆ 2018ರಲ್ಲಿ 'ಕಥೆಯೊಂದು ಶುರುವಾಗಿದೆ' ಎಂಬ ಕನ್ನಡ ಚಿತ್ರ ಮಾಡಿದರು. ಆಮೇಲೆ ಮಲಯಾಳದಲ್ಲಿ 'ತಿಂಗಳಾಳ್ಚ ನಿಶ್ಚಯಂ' ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಅದನ್ನು ನಾನು ಹೀಗೆ ಶಿಫಾರಸು ಮಾಡುತ್ತೇನೆ: ಸೋಮವಾರ ಮಗಳ ನಿಶ್ಚಿತಾರ್ಥ. ಅದಕ್ಕೆ ಮೊದಲಿನ ಎರಡು ದಿನ. ಮಗಳಿಗೆ ಮನಸ್ಸಿಲ್ಲ, ಅಪ್ಪನಿಗೆ ಕೇಳುವ ವ್ಯವಧಾನವಿಲ್ಲ, ಅಂಗಳದಲ್ಲಿ ಅಡುಗೆಯ ಗಡಿಬಿಡಿ ಮಾತ್ರ ನಿಲ್ಲುವುದಿಲ್ಲ. ಚಿತ್ರದ ಮಲಯಾಳ ನಮ್ಮ ಜಿಲ್ಲೆಯ ಬಸ್ಸಿನಲ್ಲಿ ಕೇಳುವಂಥದು, ದಕ್ಷಿಣದವರಿಗೇ ಕಷ್ಟವಾಗುವಂಥದು. ಹೆಣ್ಣುಮಕ್ಕಳಿರುವ ತಂದೆಯಂದಿರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕು. ನೋಡಿದ ಮೇಲೆ ಟಿ.ವಿ. ಆರಿಸಿ, ಅವಳು ಏನು ಹೇಳುತ್ತಾಳೋ ಕೇಳಬೇಕು. ಇಷ್ಟು ಹೇಳಲು ಎಷ್ಟು ಹೊತ್ತಾಯಿತು? ಇದಕ್ಕೆ ಪಾಂಡಿತ್ಯ ಬೇಕೇ?

"ಶಾಲೆಗಳಲ್ಲಿ ಕನ್ನಡ ಹೋಗುತ್ತಿರುವಾಗ, ಕಚೇರಿಯಲ್ಲಿ ಕನ್ನಡದ ಅರ್ಜಿ ಸಿಗದಿರುವಾಗ, ನಿಮಗೆ ಸಿನೆಮಾದ ಹರಟೆಯೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಾವು ಪ್ರತಿಭಟಿಸಿದೆವು, ಮುಂದೆಯೂ ಪ್ರತಿಭಟಿಸಬೇಕು. ಆದರೆ ಧರಣಿ ಮುಗಿಸಿ ಮನೆಗೆ ಬಂದ ಮೇಲೆ ಮಕ್ಕಳೊಡನೆ ಯಾವುದರ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇವೆ? "ಊಟ ಆಯಿತಾ, ಓದಿದೆಯಾ" ಎಂಬುದಕ್ಕಿಂತ ಹೆಚ್ಚಿನ ಯಾವ ವಿಷಯವಿದೆ? ಶಾಲೆಯ ಹಕ್ಕನ್ನು ಸರಕಾರ ಕೊಡಬೇಕು. ಜಗಲಿಯ ಕನ್ನಡವನ್ನು ಯಾವ ಸರಕಾರವೂ ಕೊಡಲಾರದು, ಕಸಿಯಲೂ ಆಗದು. ಅದನ್ನು ಬಿಟ್ಟುಕೊಟ್ಟದ್ದು ನಾವೇ.

ಸಿನೆಮಾ ನೋಡಿ ಮಾತಾಡುವುದು ಹಗುರದ ಕೆಲಸವೆಂದು ಹಿಂದಿನವರು ತಿಳಿದಿರಲಿಲ್ಲ. 1965ರಲ್ಲಿ ತಿರುವನಂತಪುರದಲ್ಲಿ ಅಡೂರು ಮತ್ತು ಗೆಳೆಯರು ಚಿತ್ರಲೇಖಾ ಫಿಲ್ಮ್ ಸೊಸೈಟಿ ಕಟ್ಟಿದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರ ಮುಂದೆ ಜಗತ್ತಿನ ಚಿತ್ರಗಳನ್ನು ಇಟ್ಟರು. ಜಾನ್ ಅಬ್ರಹಾಂ ಅವರ ಒಡೆಸ್ಸಾ ತಂಡ ಊರೂರಿನ ಜನರಿಂದ ಹಣ ಕೂಡಿಸಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿತು. ಇವರೆಲ್ಲ ನಂಬಿದ್ದು ಒಂದನ್ನೇ: ಚಿತ್ರ ಮುಗಿದ ಮೇಲೆ ಪ್ರೇಕ್ಷಕನ ಕೆಲಸ ಶುರುವಾಗುತ್ತದೆ. ಈ ಎರಡು ಪರಂಪರೆಗಳಿಗೂ ಹಕ್ಕುದಾರರಾದ ನಾವು ಎರಡನ್ನೂ ಬಿಟ್ಟು "ಸೂಪರ್" ಎಂಬ ಪದಕ್ಕೆ ತೃಪ್ತರಾಗಿದ್ದೇವೆ.

ಆದುದರಿಂದ ಸಂಪಾದಕರಿಗೂ ಓದುಗರಿಗೂ ಒಂದು ಸೂಚನೆ. ಮುಂದಿನ ವರ್ಷದ ಸಂಚಿಕೆಯಲ್ಲಿ ನಾಲ್ಕು ಪುಟ ಬಿಟ್ಟುಕೊಡಿ. ನಮ್ಮ ಕನ್ನಡದ ಮನೆಗಳವರು ತಾವು ನೋಡಿದ ಮಲಯಾಳ ಚಿತ್ರದ ಬಗ್ಗೆ ಕನ್ನಡದಲ್ಲಿ ನೂರು ಪದ ಬರೆಯಲಿ. ಮಲಯಾಳಿ ಮಿತ್ರರು ತಾವು ನೋಡಿದ ಕನ್ನಡ ಚಿತ್ರದ ಬಗ್ಗೆ ಮಲಯಾಳದಲ್ಲಿ ಬರೆಯಲಿ. ನಿಯಮ ಇಷ್ಟೇ: "ಸೂಪರ್" ಎನ್ನಬಾರದು, ಕೋಟಿಯ ಲೆಕ್ಕ ಕೊಡಬಾರದು, ನೋಡದೆ ಬರೆಯಬಾರದು, ಇಷ್ಟವಾಗದ ಒಂದು ಸಂಗತಿಯನ್ನಾದರೂ ಹೇಳಬೇಕು. ಹತ್ತನೆಯ ತರಗತಿಯ ಮಕ್ಕಳಿಂದಲೂ ಬರೆಸಿ. ಕನ್ನಡ ತಪ್ಪಿದರೆ ತಿದ್ದೋಣ. ಅಭಿಪ್ರಾಯವನ್ನು ಮಾತ್ರ ತಿದ್ದುವುದು ಬೇಡ.

ಅಲ್ಲಿಯವರೆಗೆ, ಮುಂದಿನ ಮದುವೆಯ ಊಟದಲ್ಲಿ ಯಾರಾದರೂ "ಫಸ್ಟ್ ಕ್ಲಾಸ್, ನೋಡಿ" ಎಂದರೆ ಬಿಡಬೇಡಿ. "ಯಾಕೆ?" ಎಂದು ಕನ್ನಡದಲ್ಲಿ ಕೇಳಿ. ಪಾಯಸ ಎರಡನೆಯ ಸಲ ಬರುವವರೆಗೂ ಕೇಳುತ್ತಲೇ ಇರಿ.